‘ಸಂಸ್ಕಾರ’ದ ಎರಡು ಸೋಂಕು

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಪ್ರಕಟವಾದಂದಿನಿಂದ ಅದರ ಚರ್ಚೆ ಬಹುಮಟ್ಟಿಗೆ ಪ್ರಾಣೇಶಾಚಾರ್ಯರ ಒಳತೋಟಿಯ ಸುತ್ತಲೇ ನಡೆದಿದೆ. ಅದು ಸಹಜವೇ. ಆದರೆ ಈ ಸಲದ ಓದಿನಲ್ಲಿ ನನ್ನ ಗಮನವೆಲ್ಲ ಹೋದದ್ದು ಇಲಿಗಳ ಮೇಲೆ.

ಕನ್ನಡದಲ್ಲಿ ‘ಸೋಂಕು’ ಎಂದರೆ ಮುಟ್ಟುವಿಕೆ; ರೋಗ ಅಂಟುವುದೂ ಸೋಂಕೇ. ಈ ಎರಡು ಅರ್ಥಗಳು ಎದುರುಬದುರಾದರೆ ಏನಾದೀತೆಂಬುದೇ ಈ ಕಾದಂಬರಿಯ ವಸ್ತುವೆಂದು ನನಗೆ ತೋರುತ್ತದೆ. ಶಿವಮೊಗ್ಗೆಯಿಂದ ಜ್ವರ ಹೊತ್ತು ತಂದ ನಾರಣಪ್ಪ ಸಾಯುತ್ತಾನೆ. ಆ ಹೆಣವನ್ನು ಮುಟ್ಟಿದರೆ ಕುಲ ಕೆಟ್ಟೀತೆಂದು ದೂರ್ವಾಸಪುರದ ಬ್ರಾಹ್ಮಣರು ಹೆದರಿ, ಉಪವಾಸ ಕೂರುತ್ತಾರೆ. ಇತ್ತ ಇಲಿಗಳು ಬಿದ್ದು ಸಾಯುತ್ತವೆ. ಮಾಡಿನ ಮೇಲೆ ಹದ್ದುಗಳು ಬಂದು ಕೂರುತ್ತವೆ. ಜಾಗಟೆ ಬಾರಿಸಿ ಹದ್ದನ್ನು ಓಡಿಸುವವರಿದ್ದಾರೆಯೇ ಹೊರತು ಇಲಿ ಏಕೆ ಸತ್ತಿತೆಂದು ಕೇಳುವವರಿಲ್ಲ.

ಪ್ಲೇಗು ಇಲಿಯ ಮೈಮೇಲಿನ ಚಿಗಟದ ಮೂಲಕ ಹರಡುತ್ತದೆಂದು ಫ್ರೆಂಚ್ ವೈದ್ಯ ಪಾಲ್-ಲೂಯಿ ಸಿಮೋಂ 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟರು. ಸತ್ತ ಇಲಿಯ ಮೈ ತಣ್ಣಗಾದೊಡನೆ ಚಿಗಟ ಬೇರೆ ಮೈ ಹುಡುಕುತ್ತದೆ. ಅದಕ್ಕೆ ಮಡಿಯೂ ಇಲ್ಲ, ಮೈಲಿಗೆಯೂ ಇಲ್ಲ. ಅಗ್ರಹಾರದಲ್ಲಿ ಭಾಗೀರಥಿ ಸಾಯುತ್ತಾಳೆ. ಊರಾಚೆಯ ಗುಡಿಸಲಲ್ಲಿ ಬೆಳ್ಳಿಯ ತಂದೆತಾಯಿ ಸಾಯುತ್ತಾರೆ. ಯಾರೂ ಯಾರನ್ನೂ ಮುಟ್ಟದ ಊರಿನಲ್ಲಿ ಮಾರಿ ಎಲ್ಲರನ್ನೂ ಮುಟ್ಟುತ್ತದೆ.

ಇಲ್ಲಿ ಕಾದಂಬರಿಕಾರರ ವ್ಯಂಗ್ಯ ಮೊನಚಾಗಿದೆ. ಚಂದ್ರಿ ಅಹಮದ್ ಬ್ಯಾರಿಯ ನೆರವಿನಿಂದ ರಾತ್ರಿಯೇ ಹೆಣವನ್ನು ಸುಡಿಸಿಬಿಡುತ್ತಾಳೆ. ಇದನ್ನರಿಯದ ಬ್ರಾಹ್ಮಣರು ಪರಿಹಾರ ಕೇಳಲು ಕೈಮರಕ್ಕೆ, ಅಲ್ಲಿಂದ ಮಠಕ್ಕೆ ನಡೆಯುತ್ತಾರೆ. ಜ್ವರವೂ ಅವರ ಜೊತೆಯಲ್ಲೇ ನಡೆಯುತ್ತದೆ. ಅವರು ಅಂಜಿದ ಹೆಣ ಎಂದೋ ಬೂದಿಯಾಗಿದೆ. ಅಂಜಬೇಕಾದದ್ದು ಮಾತ್ರ ಬೆನ್ನು ಬಿಟ್ಟಿಲ್ಲ. ಊರೂರನ್ನು ಬೆಸೆದ ಆಚಾರದ ದಾರಿಯೇ ಮಾರಿಗೂ ದಾರಿಯಾಗುತ್ತದೆ.

ಆದರೆ ನನ್ನದೊಂದು ತಕರಾರಿದೆ. ಆಚಾರ್ಯರು ಊರು ಬಿಟ್ಟ ಮೇಲೆ ಮಾರಿ ಹಿಂದೆ ಸರಿದು ಬರಿಯ ಸಂಕೇತವಾಗುತ್ತದೆ. ಹೆಂಡತಿಯನ್ನು ಸುಟ್ಟು ಹೊರಟವರು ಮೇಳಿಗೆಯ ತೇರಿನ ಸಂದಣಿಯಲ್ಲಿ ಬೆರೆತು, ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ಸೂತಕದಲ್ಲಿ ಪಂಕ್ತಿಗೆ ಕೂತೆನಲ್ಲಾ ಎಂಬ ಅಳುಕು ಅವರನ್ನು ಹಿಂಡುತ್ತದೆ. ಮಾರಿ ಹೊಕ್ಕ ಮನೆಯಿಂದ ಬಂದೆನಲ್ಲಾ, ಈ ಜನರ ಗತಿಯೇನು ಎಂಬ ಅಳುಕಿಗೆ ಅಲ್ಲಿ ಅಷ್ಟು ಎಡೆಯಿಲ್ಲ. ಪಾತ್ರಕ್ಕೆ ಈ ಕುರುಡು ಒಪ್ಪುತ್ತದೆ, ನಿಜ. ಆದರೆ ಕಾದಂಬರಿ ತನ್ನ ಪಾತ್ರಕ್ಕಿಂತ ಹೆಚ್ಚು ಕಾಣಬೇಕಾಗಿತ್ತು. ಆಚಾರ್ಯರ ಒಂದು ರಾತ್ರಿಗೆ ದೊರೆತ ಪುಟಗಳೆಷ್ಟು, ಬೆಳ್ಳಿಯ ತಂದೆತಾಯಿಗಳ ಸಾವಿಗೆ ದೊರೆತ ಸಾಲುಗಳೆಷ್ಟು ಎಂದು ವಾಚಕರೇ ಎಣಿಸಿ ನೋಡಲಿ.