ಮಾರಮ್ಮನ ಸಿಟ್ಟು ಯಾರದು?

ಸಾವೇ ಇಲ್ಲದ ಜೀವ ಹೇಗೆ ಪ್ರೀತಿಸುತ್ತದೆ, ಒಂಟಿತನವನ್ನು ಹೇಗೆ ತಾಳಿಕೊಳ್ಳುತ್ತದೆ, ಅದು ಗಂಡಾದರೆ ಒಂದು ಬಗೆ ಹೆಣ್ಣಾದರೆ ಇನ್ನೊಂದು ಬಗೆಯೇ ಎಂಬ ಪ್ರಶ್ನೆ ಮೇಲುನೋಟಕ್ಕೆ ಹೊಟ್ಟೆ ತುಂಬಿದವರ ಪ್ರಶ್ನೆಯಂತೆ ಕಾಣುತ್ತದೆ. ನಾಳೆಯ ಕೂಲಿ ಖಾತ್ರಿಯಿಲ್ಲದ ಕೇರಿಯಲ್ಲಿ ಸಾವಿಲ್ಲದ ಬದುಕನ್ನು ಯಾರು ಕೇಳ್ತಾರೆ? ಆದರೆ ಗೌನಿಪಲ್ಲಿಯ ನನ್ನ ಅವ್ವನಿಗೆ ಈ ಪ್ರಶ್ನೆ ಗೊತ್ತಿತ್ತು. ನಮ್ಮ ಕಡೆ ಅವ್ವ ಅಂದರೆ ಅಜ್ಜಿ. ಆಂಧ್ರದ ಗಡಿ ಹತ್ತಿರ; ಮನೆಯೊಳಗೆ ತೆಲುಗು, ಸ್ಕೂಲಿನಲ್ಲಿ ಕನ್ನಡ. ಅವಳು ಈ ಪ್ರಶ್ನೆಯನ್ನು ಎರಡೂ ಭಾಷೆ ಬೆರೆಸಿ ಮಾರಮ್ಮನ ಕಥೆಯಾಗಿ ಹೇಳುತ್ತಿದ್ದಳು.

ಕಥೆ ನಿಮಗೂ ಗೊತ್ತಿರುವಂಥದೇ. ಕೇರಿಯ ಹುಡುಗನೊಬ್ಬ ಜಾತಿ ಮುಚ್ಚಿಟ್ಟು ಬ್ರಾಹ್ಮಣರ ಹುಡುಗಿಯನ್ನು ಮದುವೆಯಾಗುತ್ತಾನೆ. ಮಕ್ಕಳಾಗುತ್ತವೆ. ಒಂದು ದಿನ ಅವನ ತಾಯಿ ಬಂದಾಗ ಊಟದ ಎಲೆಯ ಮುಂದೆ ಗುಟ್ಟು ರಟ್ಟಾಗುತ್ತದೆ. ಮೋಸ ಹೋದೆನೆಂದು ಉರಿದೆದ್ದ ಹೆಂಡತಿ ಬೆಂಕಿಗೆ ಬಿದ್ದು ಮಾರಮ್ಮನಾಗುತ್ತಾಳೆ. ಗಂಡ ಕೋಣನಾಗುತ್ತಾನೆ, ಮಕ್ಕಳು ಕುರಿಮರಿಗಳಾಗುತ್ತವೆ. ಜಾತ್ರೆ ಬಂದಾಗಲೆಲ್ಲ ಅವರನ್ನೇ ಅವಳಿಗೆ ಬಲಿ ಕೊಡುವುದು. ಮದರಾಸಿನ ಬಿಷಪ್ ಆಗಿದ್ದ ಹೆನ್ರಿ ವೈಟ್‌ಹೆಡ್ ದಕ್ಷಿಣ ಭಾರತದ ಗ್ರಾಮದೇವತೆಗಳ ಬಗ್ಗೆ 1916ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಕಥೆಯೂ ಇದೆ, ಬಲಿಯ ವಿವರವೂ ಇದೆ. ಕಡಿದ ಕೋಣದ ಮುಂಗಾಲನ್ನು ಅದರ ಬಾಯಿಗೇ ತುರುಕುವುದು, ತಲೆಯ ಮೇಲೆ ದೀಪ ಹಚ್ಚಿಡುವುದು. ಸತ್ತ ಮೇಲೂ ಅವನು ಬಾಯಿ ತೆರೆದು ಮಾತಾಡಬಾರದು.

ಇದಕ್ಕೆ ಎದುರಾಗಿ ಶಿಷ್ಟ ಪರಂಪರೆಯ ಅಮರರನ್ನು ನೋಡೋಣ. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ: ಏಳು ಚಿರಂಜೀವಿಗಳಲ್ಲಿ ಏಳೂ ಗಂಡಸರು. ಬೆಳಿಗ್ಗೆ ಎದ್ದು ನೆನೆಯಬೇಕಾದ ಐವರು ಹೆಂಗಸರ ಪಟ್ಟಿ ಬೇರೆ ಇದೆ. ಅಹಲ್ಯೆ, ದ್ರೌಪದಿ, ತಾರೆ, ಮಂಡೋದರಿಯರು ಅಲ್ಲಿದ್ದಾರೆ. ಅವರನ್ನು ನೆನೆದರೆ ಸಾಕು, ಅವರು ಬದುಕಿರಬೇಕಾಗಿಲ್ಲ. ಈ ಏಳು ಜನರಲ್ಲಿ ಒಂಟಿತನವೇ ಶಿಕ್ಷೆಯಾಗಿ ಬಂದಿರುವುದು ಅಶ್ವತ್ಥಾಮನಿಗೆ. ಮಲಗಿದ್ದ ಮಕ್ಕಳನ್ನು ಕೊಂದ ತಪ್ಪಿಗೆ ಮೂರು ಸಾವಿರ ವರ್ಷ ಜೊತೆಗಾರರಿಲ್ಲದೆ ಅಲೆಯಬೇಕೆಂದು ಕೃಷ್ಣ ಶಪಿಸಿದ. ಶಾಪವೇನೋ ಘೋರವಾದದ್ದೇ. ಆದರೆ ಅವನು ಅಲೆಯಬಹುದು, ಅವನಿಗೆ ಕಾಡು ಇದೆ, ದಾರಿ ಇದೆ. ಮಾರಮ್ಮ ಊರ ಗಡಿ ಬಿಟ್ಟು ಕದಲುವ ಹಾಗಿಲ್ಲ. ಅವನ ಒಂಟಿತನ ಅವನು ಮಾಡಿದ ಕೊಲೆಗೆ ಸಿಕ್ಕ ಕೂಲಿ. ಅವಳು ಒಂಟಿಯಾಗಿಯೇ ಉಳಿಯಬೇಕಾದರೆ ಪ್ರತಿ ಜಾತ್ರೆಯಲ್ಲೂ ಕೊಲೆ ನಡೆಯುತ್ತಲೇ ಇರಬೇಕು.

ಯುರೋಪಿನ ಬರಹದಲ್ಲೂ ಈ ವ್ಯತ್ಯಾಸ ಕಾಣುತ್ತದೆ. ಸಿಮೋನ್ ದ ಬೊವಾರ್ 1946ರಲ್ಲಿ ಬರೆದ ಕಾದಂಬರಿಯ ಫೋಸ್ಕಾ ಸಾವಿಲ್ಲದ ಗಂಡಸು. ನಗರ, ಸಾಮ್ರಾಜ್ಯ, ಯುದ್ಧಗಳಲ್ಲಿ ಶತಮಾನಗಳನ್ನು ಕಳೆಯುತ್ತಾನೆ. ಕಾರೆಲ್ ಚಾಪೆಕ್‌ನ 1922ರ ನಾಟಕದ ಎಮಿಲಿಯಾ ಮಾರ್ಟಿ ಮುನ್ನೂರು ವರ್ಷ ದಾಟಿದ ಗಾಯಕಿ; ಕಾಲ ಎಷ್ಟೇ ಬದಲಾದರೂ ಗಂಡಸರು ಅವಳ ಹಿಂದೆ ಬೀಳುತ್ತಾರೆ, ಅವಳ ಮನಸ್ಸು ಮಾತ್ರ ತಣ್ಣಗಾಗಿದೆ. ಅಮರನಾದ ಗಂಡಿಗೆ ಚರಿತ್ರೆ, ಅಮರಳಾದ ಹೆಣ್ಣಿಗೆ ದೇಹ. ಲಿಂಗದ ಪ್ರಶ್ನೆಯನ್ನು ಇವು ಚೆನ್ನಾಗಿಯೇ ಎತ್ತುತ್ತವೆ. ಆದರೆ ಒಬ್ಬರು ಸಾಯದೆ ಉಳಿಯಲು ಇನ್ನೊಬ್ಬರು ಮತ್ತೆ ಮತ್ತೆ ಸಾಯಬೇಕಾದ ವ್ಯವಸ್ಥೆ ಅಲ್ಲಿಲ್ಲ. ಅದು ನಮ್ಮ ಊರುಗಳದು. ಜಾತಿಯನ್ನು ಬಿಟ್ಟು ಈ ಪ್ರಶ್ನೆಗೆ ಉತ್ತರ ಹುಡುಕಲು ನಮ್ಮಲ್ಲಿ ಸಾಧ್ಯವಿಲ್ಲ ಎನ್ನುವುದು ಇದಕ್ಕೇ.

ಈಗ ನಮ್ಮವರ ಓದಿನ ಕಡೆ ಬರುತ್ತೇನೆ. ನಮ್ಮ ಗಂಡಸರು ಈ ಕಥೆಯನ್ನು ಕೋಣನ ಕಡೆಯಿಂದ ಓದಿದ್ದಾರೆ. ಪ್ರೀತಿಸಿದ ತಪ್ಪಿಗೆ ದಲಿತನೊಬ್ಬ ವರ್ಷ ವರ್ಷವೂ ಸಾಯುತ್ತಾನೆ. ತಮಟೆ ಬಡಿಯುವುದೂ, ಆ ತಲೆಯನ್ನು ಹೊರುವುದೂ ಅವನ ಕುಲದವರೇ. ಈ ಓದು ನಿಜ, ಬೇಕಾದದ್ದು. ಎಂ.ಎ. ಓದುವಾಗ ನಾನೂ ಹೀಗೇ ಬರೆದು ಸೈ ಅನ್ನಿಸಿಕೊಂಡಿದ್ದೆ. ಆದರೆ ಇಲ್ಲಿ ಒಂದು ಮಾತನ್ನು ನಾವು ಕೇಳದೆಯೇ ಒಪ್ಪಿಕೊಂಡಿದ್ದೇವೆ: ಸಿಟ್ಟು ಅವಳದು ಎಂಬ ಮಾತು. ಅವನ ಜೊತೆ ಉಂಡು, ಮಲಗಿ, ಹೆತ್ತವಳು ಒಂದೇ ಗಳಿಗೆಯಲ್ಲಿ ಹೆತ್ತ ಮಕ್ಕಳನ್ನೂ ಕಡಿಸುವಷ್ಟು ಉರಿದಳೆಂದು ಹೇಳಿದವರು ಯಾರು? ಅವಳನ್ನು ಯಾರಾದರೂ ಕೇಳಿದ್ದರಾ?

2023ರ ಜೂನ್‌ನಲ್ಲಿ ನಮ್ಮದೇ ಜಿಲ್ಲೆಯ ಬಂಗಾರಪೇಟೆ ತಾಲೂಕಿನಲ್ಲಿ, ಪರಿಶಿಷ್ಟ ಜಾತಿಯ ಹುಡುಗನನ್ನು ಪ್ರೀತಿಸಿದ ಮಗಳನ್ನು ತಂದೆಯೇ ಕೊಂದನೆಂದು ಕೇಸಾಯಿತು. ಸುದ್ದಿ ತಿಳಿದ ಹುಡುಗ ರೈಲಿನ ಕೆಳಗೆ ಜೀವ ಬಿಟ್ಟ. ಆ ಹುಡುಗಿಗೆ ಅವನ ಜಾತಿ ಗೊತ್ತಿತ್ತು. ಅವಳು ಉರಿಯಲಿಲ್ಲ, ಅವನನ್ನು ಬಿಡಲಿಲ್ಲ. ಉರಿದದ್ದು ಮನೆ. ಈ ಸುದ್ದಿ ಓದಿದ ರಾತ್ರಿ ನನಗೆ ಅವ್ವನ ಕಥೆ ತಲೆಕೆಳಗಾಗಿ ಕಂಡಿತು. ಅಪ್ಪನ ಸಿಟ್ಟನ್ನು, ಊರಿನ ಸಿಟ್ಟನ್ನು ಕಥೆ ಮಗಳ ಮೈಮೇಲೆ ಹೊರಿಸಿದೆ. ಕೊಂದವರ ಕೈ ತೊಳೆದು ಕತ್ತಿಯನ್ನು ಅವಳ ಕೈಗೆ ಕೊಟ್ಟಿದೆ. ಅವಳನ್ನು ಸಾಯದಂತೆ ಮಾಡಿರುವುದೂ ಇದಕ್ಕೇ. ಮನುಷ್ಯಳಾಗಿದ್ದರೆ ಒಂದು ದಿನ ಸಿಟ್ಟು ಇಳಿಯುತ್ತಿತ್ತು, ಅವನನ್ನು ನೆನೆದು ಅಳುತ್ತಿದ್ದಳು. ದೇವರಾದವಳಿಗೆ ಅಳುವ ಹಕ್ಕಿಲ್ಲ. ಹೆಣ್ಣಿನ ಅಮರತ್ವ ಎನ್ನುವುದು ಇಲ್ಲಿ ಜೀತ. ಜಾತಿಯ ಗಡಿ ಕಾಯುವ ಜೀತ. ಕಾನೂನು 1976ರಲ್ಲಿ ಜೀತವನ್ನು ರದ್ದು ಮಾಡಿತು. 1959ರ ಕಾಯ್ದೆ ಪ್ರಾಣಿಬಲಿಯನ್ನು ನಿಷೇಧಿಸಿ ಕೋಣವನ್ನು ಉಳಿಸಲು ನೋಡಿತು. ಕೋಣನ ಒಳಗಿರುವ ಮನುಷ್ಯನನ್ನಾಗಲಿ, ಗುಡಿಯ ಒಳಗಿರುವ ಹೆಂಗಸನ್ನಾಗಲಿ ಬಿಡಿಸುವ ಕಾಯ್ದೆ ಇನ್ನೂ ಬಂದಿಲ್ಲ.

ಈ ಬೆಳಕಿನಲ್ಲಿ ದೇವನೂರ ಮಹಾದೇವರ 'ಕುಸುಮಬಾಲೆ'ಯನ್ನು (1984) ಮತ್ತೆ ಓದಬೇಕು ಎನಿಸುತ್ತದೆ. ಅಲ್ಲಿಯೂ ದಲಿತ ಹುಡುಗ ಚನ್ನ, ಮೇಲುಜಾತಿಯ ಕುಸುಮ, ಅವರಿಗೊಂದು ಮಗು, ಮತ್ತು ಕೊಲೆ. ಹಳೆಯ ಕಥೆಯ ಎಲ್ಲ ಸಾಮಾನೂ ಇದೆ. ಆದರೆ ಕೊಲ್ಲುವವಳು ಕುಸುಮಳಲ್ಲ. ಕೊಲೆ ಅವಳ ಮನೆಯವರ ಕಡೆಯದು. ಸಿಟ್ಟನ್ನು ಅದು ಹುಟ್ಟಿದ ಮನೆಗೇ ವಾಪಸು ಕಳಿಸಿದ್ದು ಈ ಕೃತಿಯ ದೊಡ್ಡ ಕೆಲಸ. ಅದರ ಭಾಷೆಯ ಬಗ್ಗೆ ಎಷ್ಟೋ ಬರೆದಿರುವ ನಾವು ಇದನ್ನು ಸಾಕಷ್ಟು ಗಮನಿಸಿಲ್ಲ. ಸಾವಿಲ್ಲದವರು ಅಲ್ಲೂ ಇದ್ದಾರೆ, ಜೋತಮ್ಮಗಳು, ಮನೆಮನೆಯ ದೀಪದ ಜೀವಗಳು. ಅವು ಬಲಿ ಕೇಳುವುದಿಲ್ಲ. ರಾತ್ರಿ ಒಟ್ಟಿಗೆ ಸೇರಿ ಕಂಡದ್ದನ್ನು ಮಾತಾಡಿಕೊಳ್ಳುತ್ತವೆ. ಕೋಣನ ತಲೆಯ ಮೇಲೆ ಹಚ್ಚಿಟ್ಟ ದೀಪಕ್ಕೆ ಬಾಯಿ ಬಂದರೆ ಹೀಗಿರಬಹುದೇನೋ. ಹೆಣ್ಣಿನ ಅಮರತ್ವಕ್ಕೆ ಒಂಟಿತನವೇ ಗತಿ ಅಲ್ಲ ಎಂಬುದು ನನಗೆ ಮೊದಲು ಹೊಳೆದದ್ದು ಅಲ್ಲಿ.

ದಲಿತ ವಿಮರ್ಶೆ ಕೋಣನಿಗೆ ನ್ಯಾಯ ಕೇಳಿದೆ, ಕೇಳುತ್ತಲೇ ಇರಬೇಕು. ಆದರೆ ಮಾರಮ್ಮನನ್ನು ಮೇಲುಜಾತಿಯ ಪಾಲಿಗೆ ಬಿಟ್ಟುಕೊಟ್ಟು ಕೇಳಿದರೆ ಆ ನ್ಯಾಯ ಅರ್ಧವೇ. ಅವಳು ನಮ್ಮ ಮನೆಯ ಸೊಸೆ. ಇದು ನಾನು ಕಂಡುಹಿಡಿದ ಮಾತಲ್ಲ. ಕಥೆ ಮುಗಿದ ಮೇಲೆ ನಾವು ಮಕ್ಕಳು ಕೋಣಕ್ಕಾಗಿ ಅಳುತ್ತಿದ್ದರೆ ಅವ್ವ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಅನ್ನುತ್ತಿದ್ದಳು: "ಅವನೊಬ್ಬನಿಗೇ ಯಾಕೆ ಅಳ್ತೀರಾ? ಅವನಾದ್ರೆ ಸತ್ತು ಹೋಗ್ತಾನೆ. ಆಯಮ್ಮನಿಗೆ ಅದೂ ಇಲ್ಲ, ಪಾಪ."