ಸೊನ್ನಲಿಗೆಯ ಕೆರೆ, ಅಲ್ಲಮನ ಆಕ್ಷೇಪ

ಸೊಲ್ಲಾಪುರದ, ಅಂದರೆ ಹಿಂದಿನ ಸೊನ್ನಲಿಗೆಯ, ಸಿದ್ಧರಾಮನನ್ನು ಕುರಿತು ಕನ್ನಡದಲ್ಲಿ ಎರಡು ನೋಟಗಳುಂಟು. 13ನೆಯ ಶತಮಾನದ ರಾಘವಾಂಕನು ‘ಸಿದ್ಧರಾಮ ಚಾರಿತ್ರ’ದಲ್ಲಿ ಕೆರೆ ತೋಡಿಸಿದ ಯೋಗಿಯನ್ನು ಮನಸಾರೆ ಮೆಚ್ಚುತ್ತಾನೆ. 15ನೆಯ ಶತಮಾನದ ‘ಶೂನ್ಯಸಂಪಾದನೆ’ಯಲ್ಲಾದರೋ ಅಲ್ಲಮಪ್ರಭು ಕೆರೆಯ ಬಳಿಗೇ ಬಂದು ಅವನನ್ನು ಕಟುವಾಗಿ ಹಂಗಿಸುತ್ತಾನೆ, ಕೆಲಸದಾಳುಗಳು ಕಲ್ಲೆಸೆಯುತ್ತಾರೆ. ಇಂದಿನ ಅರಿವು ಮುಂದಣ ಪುಣ್ಯವನ್ನು ಸೋಲಿಸಿತೆಂದು ಈ ಪ್ರಸಂಗವನ್ನು ವಿವರಿಸುವುದು ವಾಡಿಕೆ.

ಈ ಅರ್ಥ ನನಗೆ ಒಪ್ಪಿಗೆಯಾಗದು. ಅಲ್ಲಮನು ಹಳಿದದ್ದು ‘ನಾನು ಕಟ್ಟಿಸಿದೆ’ ಎಂಬ ಅಭಿಮಾನವನ್ನು, ಬರಲಿರುವ ಫಲದ ಲೆಕ್ಕವನ್ನು. ನಾಳಿನವರು ಕುಡಿಯಬೇಕಾದ ನೀರನ್ನಲ್ಲ. ಮಳೆಯನ್ನು ನೆಚ್ಚಲಾಗದ ಆ ಸೀಮೆಯಲ್ಲಿ ಕೆರೆಯೆಂದರೆ ಮುಂದಿನ ಬೇಸಗೆಯ ಚಿಂತೆ. ಆದರೆ ತೋಡುತ್ತಿರುವವನ ಕಣ್ಣಿಗೆ ಬೇಸಗೆ ಬೀಳುವುದಿಲ್ಲ. ಕೈಯ ಗುದ್ದಲಿ, ತಲೆಯ ಬುಟ್ಟಿ, ಕಾಲಡಿಯ ಮಣ್ಣು, ಇಷ್ಟೇ. ಅಲ್ಲಿ ಗಮನ ತಪ್ಪಿದರೆ ಏರಿಯೇ ಸಡಿಲವಾದೀತು! ಇಂದೂ ನಾಳೆಯೂ ಒಂದೇ ದುಡಿಮೆಯಲ್ಲಿ ಕೂಡಿರುವುದನ್ನು ರಾಘವಾಂಕನ ಕವಿಹೃದಯ ಕಂಡಿತು. ಸಂವಾದದ ಸೊಗಸಿಗೆ ಮನಸೋತ ಸಂಪಾದನಕಾರನಾದರೋ (ಅವನ ಜಾಣ್ಮೆಗೆ ನಮಸ್ಕಾರ) ಮಣ್ಣು ಹೊತ್ತವರನ್ನು ಕೋಪಿಷ್ಠರ ಗುಂಪಾಗಿ ಮಾತ್ರ ತಂದನು. ಸಿದ್ಧರಾಮನ ಗುಡಿ ಸೊಲ್ಲಾಪುರದಲ್ಲಿ ಇಂದಿಗೂ ಕೆರೆಯ ನೀರಿನ ನಡುವೆಯೇ ಇದೆ.