ಯಮುನಕ್ಕನನ್ನು ಯಾರೂ ಕೇಳಲಿಲ್ಲ

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ತೆರೆಗೆ ಬಂದದ್ದು 1977ರಲ್ಲಿ. ಅಷ್ಟು ಹೊತ್ತಿಗೆ ವೈದ್ಯಕೀಯ ಗರ್ಭಪಾತ ಕಾಯ್ದೆ ಜಾರಿಯಾಗಿ ಐದು ವರ್ಷ ಕಳೆದಿತ್ತು. ಚಿತ್ರದೊಳಗಿನ ಅಗ್ರಹಾರ ಅದಕ್ಕೂ ಹಿಂದಿನ ಕಾಲದ್ದು, ಯು.ಆರ್. ಅನಂತಮೂರ್ತಿಯವರ ಮೂಲ ಕತೆಯೂ ಕಾಯ್ದೆಗಿಂತ ಮೊದಲೇ ಬರೆದದ್ದು. ಹಾಗಿದ್ದೂ ಗರ್ಭಪಾತದ ಕಾನೂನು, ಅದರ ಸುತ್ತಲಿನ ವಾದ, ಕೋರ್ಟಿನ ತೀರ್ಪು ಇವುಗಳ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಚಿತ್ರ. ಸ್ವರ್ಣಕಮಲ ಪಡೆದ ಈ ಕಪ್ಪು-ಬಿಳುಪು ಚಿತ್ರದ ಜೀರ್ಣೋದ್ಧಾರವಾದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಹೊರಗಿನವರಿಗೆ ಅದು ಒಂದು ಕಾಲದ ಮಲೆನಾಡಿನ ಚಿತ್ರವಾಗಿ ಕಂಡಿರಬಹುದು. ಕಿಗ್ಗದ ಕಡೆಯವರಿಗೆ ಅಷ್ಟು ಸುಲಭವಾಗಿ ಅದನ್ನು ಹಿಂದಿನ ಕಾಲಕ್ಕೆ ತಳ್ಳಿಬಿಡಲು ಆಗುವುದಿಲ್ಲ.

ಕಿಗ್ಗ ಶೃಂಗೇರಿಯಿಂದ ಸುಮಾರು ಹತ್ತು ಕಿಲೋಮೀಟರ್ ಒಳಗಿದೆ. ಇಲ್ಲಿಯ ಋಷ್ಯಶೃಂಗೇಶ್ವರ ಮಳೆ ದೇವರು. ಮಳೆ ಬಾರದಿದ್ದರೂ ಇಲ್ಲಿಗೇ ಬರುತ್ತಾರೆ, ಬಂದದ್ದು ನಿಲ್ಲದಿದ್ದರೂ ಇಲ್ಲಿಗೇ ಬರುತ್ತಾರೆ. ರಾಮಾಯಣದಲ್ಲಿ ದಶರಥನಿಗೆ ಪುತ್ರಕಾಮೇಷ್ಟಿ ಮಾಡಿಸಿದ ಋಷಿಯೂ ಇವನೇ. ಮಗು ಬೇಕೆಂಬ ಆಸೆಗೆ ನಮ್ಮಲ್ಲಿ ಯಜ್ಞವಿದೆ, ಹರಕೆಯಿದೆ, ಊರಿಗೆ ಊರೇ ಜೊತೆಗಿದೆ. ಬೇಡದ ಬಸಿರನ್ನು ಮಾತ್ರ ಹೆಣ್ಣೊಬ್ಬಳೇ ಹೊರಬೇಕು. ‘ಘಟಶ್ರಾದ್ಧ’ ಆ ಒಂಟಿತನವನ್ನು ಹಿಡಿದಷ್ಟು ಗಟ್ಟಿಯಾಗಿ ಕನ್ನಡದ ಇನ್ನೊಂದು ಚಿತ್ರ ಹಿಡಿದಿಲ್ಲ.

ಉಡುಪರ ಮಗಳು ಯಮುನೆ, ವಿಧವೆ. ವೇದಪಾಠಕ್ಕೆಂದು ಬಂದ ಪುಟ್ಟ ಹುಡುಗ ನಾಣಿಗೆ ಅವಳು ಯಮುನಕ್ಕ. ಊರಿನ ಮೇಷ್ಟರೊಬ್ಬನಿಂದ ಅವಳು ಬಸುರಾಗುತ್ತಾಳೆ. ಅಪ್ಪ ಊರಲ್ಲಿಲ್ಲ. ಒಮ್ಮೆ ಹಾವಿನ ಹುತ್ತಕ್ಕೆ ಕೈಯಿಡುತ್ತಾಳೆ, ಸಾವೂ ಬರುವುದಿಲ್ಲ. ಮೇಷ್ಟ ಕತ್ತಲಲ್ಲಿ ಅವಳನ್ನು ದಲಿತರ ಕೇರಿಗೆ ಕರೆದೊಯ್ದು ಗರ್ಭ ತೆಗೆಸುತ್ತಾನೆ, ಆಮೇಲೆ ಊರು ಬಿಡುತ್ತಾನೆ. ಹಿಂತಿರುಗಿದ ಅಪ್ಪ ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿ ಮಡಕೆ ಒಡೆಯುತ್ತಾರೆ. ಆ ಹೊತ್ತಿನಲ್ಲೇ ಹದಿನಾರರ ಹುಡುಗಿಯೊಬ್ಬಳೊಂದಿಗೆ ಅವರ ಮದುವೆಯ ಮಾತೂ ನಡೆಯುತ್ತದೆ. ತಲೆ ಬೋಳಿಸಿಕೊಂಡ ಯಮುನಕ್ಕ ಮರದ ಬುಡದಲ್ಲಿ ಕೂತಿರುವಾಗ ನಾಣಿಯನ್ನು ಅವನ ಅಪ್ಪ ಊರಿಗೆ ಕರೆದುಕೊಂಡು ಹೋಗುತ್ತಾನೆ.

ಹುತ್ತದ ದೃಶ್ಯವನ್ನು ಸ್ವಲ್ಪ ನಿಂತು ನೋಡಬೇಕು. ಯಮುನಕ್ಕನ ಪಾತ್ರದ ಮೀನಾ ಕುಟ್ಟಪ್ಪ ಅಲ್ಲಿ ಅಳುವುದಿಲ್ಲ, ದೇವರನ್ನು ಕರೆಯುವುದಿಲ್ಲ. ಅವಳ ಮಟ್ಟಿಗೆ ಅದು ಮುಗಿಸಬೇಕಾದ ಇನ್ನೊಂದು ಕೆಲಸ. ಎಸ್. ರಾಮಚಂದ್ರ ಅವರ ಕ್ಯಾಮೆರಾ ಹುಡುಗನ ಎತ್ತರಕ್ಕೆ ಇಳಿದಿದೆ. ಅವನಿಗೆ ಅರ್ಥವಾದಷ್ಟೇ ನಮಗೂ ಅರ್ಥವಾಗುತ್ತದೆ. ಈ ಎತ್ತರವೇ ಚಿತ್ರದ ನೈತಿಕ ಶಕ್ತಿ. ತೀರ್ಪು ಕೊಡಲು ಬೇಕಾದ ಭಾಷೆ ನಾಣಿಗೆ ಇನ್ನೂ ಬಂದಿಲ್ಲ, ಹಾಗಾಗಿ ಅವನು ಅಕ್ಕನನ್ನು ಅಕ್ಕನಾಗಿಯೇ ನೋಡುತ್ತಾನೆ.

ಚಿತ್ರದ ಮಿತಿ ಇರುವುದೂ ಅಲ್ಲಿಯೇ. ಹುಡುಗನ ಕಣ್ಣಿಗೆ ಕಾಣದ್ದು ನಮಗೂ ಕಾಣುವುದಿಲ್ಲ. ಗರ್ಭ ತೆಗೆಸುವ ರಾತ್ರಿಯನ್ನು ಕಾಸರವಳ್ಳಿ ದೊಂದಿಯ ಬೆಳಕಲ್ಲಿ, ಕುಣಿತದಲ್ಲಿ, ವಾದ್ಯದ ಅಬ್ಬರದಲ್ಲಿ ಕಟ್ಟಿದ್ದಾರೆ. ಬಿ.ವಿ. ಕಾರಂತರ ಸಂಗೀತ ಎದೆ ನಡುಗಿಸುತ್ತದೆ. ಆದರೆ ಆ ಅಬ್ಬರದಲ್ಲಿ ದಲಿತರ ಕೇರಿ ಒಂದು ಭಯದ ಜಾಗವಾಗಿಬಿಡುತ್ತದೆ. ಅಗ್ರಹಾರ ಕೈಬಿಟ್ಟ ಹೆಣ್ಣಿಗೆ ಕೈಕೊಟ್ಟವರು ಅಲ್ಲಿಯ ಜನ ಎಂಬುದು ಮಸುಕಾಗುತ್ತದೆ. ಇನ್ನೂ ಮುಖ್ಯವಾದದ್ದು, ಅವಳಿಗೆ ಆ ಗರ್ಭ ತೆಗೆಸುವುದು ಬೇಕಿತ್ತೇ ಎಂಬುದು ನಮಗೆ ತಿಳಿಯದೇ ಉಳಿಯುತ್ತದೆ. ಅಪ್ಪ, ಊರು, ಶಾಸ್ತ್ರ ಯಾರೂ ಅವಳನ್ನು ಕೇಳಲಿಲ್ಲ, ಅದು ಸರಿ. ಮೇಷ್ಟರೂ ಕೇಳಿದಂತಿಲ್ಲ. ಬಸುರನ್ನು ಬಲವಂತವಾಗಿ ಹೊರಿಸುವುದು ಹೇಗೆ ಹಿಂಸೆಯೋ ಬಲವಂತವಾಗಿ ಇಳಿಸುವುದೂ ಹಾಗೆಯೇ ಹಿಂಸೆ. ಗರ್ಭಪಾತದ ಚರ್ಚೆಯಲ್ಲಿ ಎರಡೂ ಕಡೆಯವರು ಮರೆಯುವ ಮಾತು ಇದು.

ತೀರ್ಥಹಳ್ಳಿ ಸೀಮೆಯ ಇನ್ನೊಂದು ಕತೆಯನ್ನು ಪಕ್ಕದಲ್ಲಿಟ್ಟರೆ ಇದು ಸ್ಪಷ್ಟವಾಗುತ್ತದೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯನ್ನು ಪ್ರೇಮಾ ಕಾರಂತ ಸಿನಿಮಾ ಮಾಡಿದರು. ಅಲ್ಲಿಯ ದಾಕ್ಷಾಯಿಣಿಯೂ ಎಳೆಯ ವಿಧವೆ, ಅವಳೂ ಬಸುರಾಗುತ್ತಾಳೆ. ಆದರೆ ಅವಳು ತಲೆ ಬೋಳಿಸಿಕೊಳ್ಳಲು ಒಪ್ಪುವುದಿಲ್ಲ, ಬಾಯಿಬಿಟ್ಟು ಮಾತಾಡುತ್ತಾಳೆ. ಜೀವಮಾನವಿಡೀ ಮಡಿಯಲ್ಲಿ ಬದುಕಿದ ಫಣಿಯಮ್ಮ ಅವಳ ಪರ ನಿಲ್ಲುತ್ತಾಳೆ. ಕಲೆಯಾಗಿ ‘ಘಟಶ್ರಾದ್ಧ’ ದೊಡ್ಡದು, ಅದರಲ್ಲಿ ನನಗೆ ಅನುಮಾನವಿಲ್ಲ. ಹೆಣ್ಣಿನ ಮನಸ್ಸು ಏನು ಹೇಳುತ್ತದೆ ಎಂದು ಕಿವಿಗೊಟ್ಟದ್ದು ‘ಫಣಿಯಮ್ಮ’.

ಈಗ ಕಾನೂನಿಗೆ ಬರೋಣ. 1860ರ ದಂಡಸಂಹಿತೆಯ 312ನೇ ಕಲಂ ಪ್ರಕಾರ ತಾಯಿಯ ಜೀವ ಉಳಿಸುವುದಕ್ಕಲ್ಲದೆ ಗರ್ಭ ತೆಗೆಸುವುದು ಅಪರಾಧ, ತಾನೇ ತೆಗೆಸಿಕೊಂಡ ಹೆಂಗಸೂ ಅಪರಾಧಿ. 1964ರಲ್ಲಿ ನೇಮಕವಾದ ಶಾಂತಿಲಾಲ್ ಷಾ ಸಮಿತಿ, ಕದ್ದುಮುಚ್ಚಿ ನಡೆಯುವ ಗರ್ಭಪಾತಗಳಲ್ಲಿ ಹೆಂಗಸರು ಸಾಯುತ್ತಿರುವುದನ್ನು ಕಂಡು ಕಾನೂನು ಸಡಿಲಿಸಲು ಹೇಳಿತು. ಅದರಿಂದ ಬಂದದ್ದು 1971ರ ಕಾಯ್ದೆ. ಜಗತ್ತಿನ ಎಷ್ಟೋ ದೇಶಗಳಿಗಿಂತ ಮೊದಲೇ ಬಂದ ಉದಾರ ಕಾನೂನು ಅದು; ನಾನದನ್ನು ಗೌರವಿಸುತ್ತೇನೆ. ಆದರೆ ಅದು ಹಳೆಯ ಅಪರಾಧವನ್ನು ರದ್ದು ಮಾಡಲಿಲ್ಲ, ಡಾಕ್ಟರರಿಗೆ ಅದರಿಂದ ರಕ್ಷಣೆ ಕೊಟ್ಟಿತು ಅಷ್ಟೆ. ಆ 312 ಇವತ್ತು ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಮಾಗಿ ಮುಂದುವರಿದಿದೆ. ಹೆಂಗಸಿನ ಒಪ್ಪಿಗೆ ಇಲ್ಲದೆ ಗರ್ಭ ತೆಗೆಯುವಂತಿಲ್ಲ ಎಂದು ಕಾಯ್ದೆ ಹೇಳುತ್ತದೆ, ಮೇಷ್ಟರಂಥವರಿಗೆ ಅದೇ ಉತ್ತರ. ತೆಗೆಯಬಹುದೇ ಎಂದು ತೀರ್ಮಾನಿಸುವ ಅಧಿಕಾರ ಮಾತ್ರ ಡಾಕ್ಟರರದ್ದು.

ಗರ್ಭನಿರೋಧಕ ವಿಫಲವಾಯಿತು ಎಂಬ ಕಾರಣವನ್ನು ಮೂಲ ಕಾಯ್ದೆ ಮದುವೆಯಾದವಳಿಗೂ ಅವಳ ಗಂಡನಿಗೂ ಮಾತ್ರ ಕೊಟ್ಟಿತ್ತು. 2021ರ ತಿದ್ದುಪಡಿಯಲ್ಲಿ ಗಂಡ ಎಂಬಲ್ಲಿ ಸಂಗಾತಿ ಎಂದಾಯಿತು. 20 ವಾರದವರೆಗೆ ಒಬ್ಬ ಡಾಕ್ಟರರ ಅಭಿಪ್ರಾಯ ಸಾಕು, ಕೆಲವು ವರ್ಗದ ಹೆಂಗಸರಿಗೆ 24 ವಾರದವರೆಗೆ ಇಬ್ಬರದು ಎಂದಾಯಿತು. ಆ ವರ್ಗಗಳ ಪಟ್ಟಿಯಲ್ಲಿ ವಿಧವೆ ಎಂಬ ಮಾತಿದೆ. ಅದನ್ನು ಓದಿದಾಗ ಯಮುನಕ್ಕನಿಗೆ ಕೊನೆಗೂ ಕಾನೂನಿನಲ್ಲೊಂದು ಜಾಗ ಸಿಕ್ಕಿತು ಅನ್ನಿಸುತ್ತದೆ. ಸಿಕ್ಕಿಲ್ಲ. ಬಸುರಿಯಾಗಿದ್ದಾಗ ಗಂಡ ಸತ್ತವಳಿಗೆ, ವಿಚ್ಛೇದನವಾದವಳಿಗೆ ಮಾತ್ರ ಆ ನಿಯಮ. ಗಂಡ ಸತ್ತ ಎಷ್ಟೋ ಕಾಲದ ಮೇಲೆ ಬಸುರಾದವಳನ್ನು ನಿಯಮ ಮಾಡಿದವರೂ ಊಹಿಸಿಕೊಳ್ಳಲಿಲ್ಲ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟಿನ ಪೀಠ, ಮದುವೆಯಾಗದ 25 ವರ್ಷದ ಹುಡುಗಿಯೊಬ್ಬಳ ಮೊಕದ್ದಮೆಯಲ್ಲಿ, ಮದುವೆಯಾದವರು ಆಗದವರು ಎಂಬ ಭೇದ ಇಲ್ಲಿ ನಿಲ್ಲದು ಎಂದಿತು. ನ್ಯಾಯಮೂರ್ತಿ ಚಂದ್ರಚೂಡ್ ಅವರೊಂದಿಗೆ ಆ ಪೀಠದಲ್ಲಿ ನಮ್ಮ ಕರ್ನಾಟಕದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಅವರೂ ಇದ್ದರು.

ಭ್ರೂಣವೂ ಜೀವ ಎಂದು ಮನಃಪೂರ್ವಕ ನಂಬುವವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಮ್ಮ ಧರ್ಮಶಾಸ್ತ್ರಗಳು ಭ್ರೂಣಹತ್ಯೆಯನ್ನು ಮಹಾಪಾಪವೆಂದೇ ಎಣಿಸಿವೆ. ಆದರೆ ಯಮುನಕ್ಕನ ಅಗ್ರಹಾರದಲ್ಲಿ ಒಬ್ಬರಾದರೂ ಆ ಮಗುವನ್ನು ನಾವು ಸಾಕುತ್ತೇವೆ ಎಂದರೇ? 1863ರಲ್ಲಿ ಪುಣೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ವಿಧವೆಯರು ಗುಟ್ಟಾಗಿ ಬಂದು ಹೆರಲೆಂದು ಮನೆ ತೆರೆದರು, ಅಂಥ ಒಬ್ಬಳ ಮಗನನ್ನು ದತ್ತು ತೆಗೆದುಕೊಂಡರು. ಜೀವದ ಮೇಲಿನ ಗೌರವ ಅಂದರೆ ಅದು. ಬರೀ ಶಿಕ್ಷೆಯಾಗಿ ಉಳಿದಾಗ ಆ ಗೌರವ ಏನು ಮಾಡುತ್ತದೆ ಎಂಬುದನ್ನು ಬೆಳಗಾವಿಯ ಮನೆಯೊಂದು ಬಲ್ಲದು. ಅಲ್ಲಿಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ, 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಬೇಕಾಗಿದ್ದ ಬಸಿರು, 17 ವಾರಕ್ಕೆ ಅದು ಉಳಿಯುವುದಿಲ್ಲವೆಂದು ಗೊತ್ತಾಗಿತ್ತು. ಭ್ರೂಣದ ಎದೆಬಡಿತ ಇನ್ನೂ ಇದೆಯೆಂದು ಗರ್ಭಪಾತ ನಿರಾಕರಿಸಿದರು, ನಂಜು ಮೈಗೇರಿತು. ಐದೂವರೆ ವರ್ಷದ ಮೇಲೆ, 2018ರ ಮೇ 25ರ ಜನಮತಗಣನೆಯಲ್ಲಿ, ಮತ ಹಾಕಿದವರಲ್ಲಿ ಶೇಕಡಾ 66.4 ಮಂದಿ ಗರ್ಭಪಾತದ ಮೇಲಿನ ಆ ಕಟ್ಟನ್ನು ಐರ್ಲೆಂಡಿನ ಸಂವಿಧಾನದಿಂದ ತೆಗೆಸಿದರು.

ನಮ್ಮಲ್ಲಿ ಇನ್ನೊಂದು ಗೊಂದಲವಿದೆ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡಿ ಹೆಣ್ಣು ಭ್ರೂಣಗಳನ್ನು ಹುಡುಕುತ್ತಿದ್ದ ಜಾಲ ಸಿಕ್ಕಿಬಿತ್ತು. ಅದನ್ನು ತಡೆಯುವ ಲಿಂಗಪತ್ತೆ ನಿಷೇಧ ಕಾಯ್ದೆ 1994ರದ್ದು, ಅದು ಕಟ್ಟುನಿಟ್ಟಾಗಿಯೇ ಜಾರಿಯಾಗಬೇಕು. ಆದರೆ ಅಂಥ ಸುದ್ದಿ ಬಂದಾಗಲೆಲ್ಲ ಎರಡು ಕಾನೂನನ್ನೂ ಒಂದೇ ಮಾಡಿ ಗರ್ಭಪಾತವೇ ಅಪರಾಧ ಎಂಬಂತೆ ಮಾತಾಡುತ್ತಾರೆ. ಆಗ ಹೆದರುವುದು ದಂಧೆಯವರಲ್ಲ, ಎಂಟು ವಾರದ ಬಸುರಿಗೆ ಮಾತ್ರೆ ಬರೆದುಕೊಡಬೇಕಾದ ನ್ಯಾಯವಂತ ಡಾಕ್ಟರರು.

ಕಿಗ್ಗದ ಕಡೆಯ ಹೆಂಗಸೊಬ್ಬಳಿಗೆ ಮುಟ್ಟು ನಿಂತಿದೆ ಅಂದುಕೊಳ್ಳಿ. ಬಸ್ಸಿನಲ್ಲಿ ಕಂಡಕ್ಟರನಿಗೆ ಅವಳ ಗಂಡ ಗೊತ್ತು. ಆಶಾ ಕಾರ್ಯಕರ್ತೆ ನೆಂಟರ ಪೈಕಿ. ಬಸುರು ಎಂದು ತಿಳಿದ ಕೂಡಲೇ ತಾಯಿ ಕಾರ್ಡ್ ಮಾಡಿಸೋಣ ಅನ್ನುತ್ತಾಳೆ, ಅದು ಅವಳ ಕರ್ತವ್ಯವೂ ಹೌದು. ಒಪಿ ಚೀಟಿ ಬರೆಸುವಾಗ ಏನು ತೊಂದರೆ ಎಂದು ಕಿಟಕಿಯಾಚೆಯಿಂದ ಗಟ್ಟಿಯಾಗಿ ಕೇಳುತ್ತಾರೆ; ಹಿಂದೆ ಸಾಲಿನಲ್ಲಿ ಅಡಿಕೆ ಸುಲಿಯಲು ಜೊತೆಗೆ ಕೂರುವವಳೇ ನಿಂತಿರುತ್ತಾಳೆ. ಹೊಟ್ಟೆನೋವು ಅಂದುಬಿಡುತ್ತಾಳೆ. ಹೆಸರು ಹೊರಗೆ ಹಾಕಿದರೆ ಶಿಕ್ಷೆ ಎಂದು ಕಾಯ್ದೆಯ 5ಎ ಕಲಂ ಹೇಳುತ್ತದೆ. ಅದು ದಾಖಲೆಯ ಗುಟ್ಟನ್ನು ಕಾಯಬಲ್ಲದು, ಸಾಲಿನಲ್ಲಿ ನಿಂತವರ ಕಿವಿಯನ್ನಲ್ಲ. ಅಗ್ರಹಾರ ಯಮುನಕ್ಕನನ್ನು ಹಿಡಿದದ್ದೂ ಅವಳ ಗುಟ್ಟು ಒಬ್ಬರ ಬಾಯಿಂದ ಒಬ್ಬರಿಗೆ ಹೋದದ್ದರಿಂದಲೇ.

ಹೀಗೆ ವಾರಗಳು ಕಳೆಯುತ್ತವೆ. ಮಾತ್ರೆಯಲ್ಲಿ ಮುಗಿಯಬಹುದಾದ ಒಂಬತ್ತು ವಾರ ದಾಟುತ್ತದೆ. ಆಷಾಢದ ಮಳೆಯಲ್ಲಿ ಘಾಟಿಯ ದಾರಿ ಕುಸಿದರೆ ಮಣಿಪಾಲವೂ ದೂರ, ಶಿವಮೊಗ್ಗವೂ ದೂರ. ಶೃಂಗೇರಿಗೆ ನೂರು ಹಾಸಿಗೆಯ ಆಸ್ಪತ್ರೆ ಬೇಕೆಂದು ಜನ ವರ್ಷಗಟ್ಟಲೆ ಕೇಳಿದ್ದಾರೆ. ಆ ಬೇಡಿಕೆಯ ಜೊತೆಗೆ ಇನ್ನೂ ಕೆಲವನ್ನು ಬರೆಸಬೇಕು: ತಾಲ್ಲೂಕಿನಲ್ಲಿ ಸದಾ ಇರುವ, ಗರ್ಭಪಾತದ ತರಬೇತಿಯಾದ ಡಾಕ್ಟರ್, ಕಾರಣ ಹೇಳದೆ ಒಪಿ ಚೀಟಿ, ಒಳಗೆ ಅವಳೊಬ್ಬಳನ್ನೇ ಕೂರಿಸಿ, ನಿನಗೆ ಏನು ಬೇಕಮ್ಮ ಎಂದು ಕೇಳಿ, ಇಟ್ಟುಕೊಳ್ಳುತ್ತೇನೆ ಅಂದರೂ ತೆಗೆಸುತ್ತೇನೆ ಅಂದರೂ ಅದನ್ನೇ ಬರೆದುಕೊಳ್ಳುವ ನರ್ಸು.